ಡ್ಯಾಶ್‌ಬೋರ್ಡಿನ ಸಪ್ಪಳ

ಕಳೆದ ವಾರ ತಮ್ಮನ ಮಗನ ಹಳೆಯ ಮಾರುತಿ ಕಾರಿನಲ್ಲಿ ರಾಯಚೂರಿನಿಂದ ಮಾನ್ವಿಗೆ ಹೋಗಿಬಂದೆ. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡು ಕಟಕಟ ಎನ್ನುತ್ತಿತ್ತು. ಅವನು ಒಂದು ಕೈಯಿಂದ ಅದನ್ನು ಒತ್ತಿ, “ದೊಡ್ಡಪ್ಪ, ಎಷ್ಟು ಅರಿವಿ ತುರುಕಿದರೂ ನಿಲ್ಲವಲ್ದು” ಎಂದ. ಆ ಮಾತಿಗೆ ನನ್ನ ಫಿಯಟ್ ನೆನಪಾಯಿತು, ತುಸು ಭಯವೂ ಆಯಿತು. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ಡ್ಯಾಶ್‌ಬೋರ್ಡ್ ಎಂಬ ಹೆಸರು ಮೋಟಾರಿಗಿಂತ ಹಳೆಯದು. ಕುದುರೆಗಾಡಿಯ ಕಾಲದಲ್ಲಿ ಗೊರಸಿನಿಂದ ಸಿಡಿಯುವ ಕೆಸರು ಸವಾರರ ಮೇಲೆ ಬೀಳದಂತೆ ಮುಂಭಾಗದಲ್ಲಿ ಕಟ್ಟುತ್ತಿದ್ದ ಮರದ ಇಲ್ಲವೆ ಚರ್ಮದ ಹಲಗೆಗೆ ಇಂಗ್ಲಿಷಿನಲ್ಲಿ ಆ ಹೆಸರಿತ್ತು. ಕುದುರೆ ಹೋಗಿ ಇಂಜಿನ್ ಬಂದರೂ ಹೆಸರು ಉಳಿಯಿತು. ಮರದ ಹಲಗೆ ತಗಡಾಯಿತು, ತಗಡು ಪ್ಲಾಸ್ಟಿಕ್ ಆಯಿತು. ಅದರ ಹಿಂದೆ ವೇಗಮಾಪಕ, ತಂತಿಗಳು, ಗಾಳಿಕೊಳವೆಗಳು ಸೇರಿಕೊಂಡವು. ಒಂದಕ್ಕೊಂದು ತಾಗಬಲ್ಲ ವಸ್ತುಗಳು ಹೆಚ್ಚಿದಂತೆ ಸಪ್ಪಳದ ಅವಕಾಶವೂ ಹೆಚ್ಚಿತು.

ನಮ್ಮ ಸೀಮೆಗೆ ಸರಕಾರಿ ಬಸ್ಸು ಬಂದದ್ದು ನಿಜಾಮರ ಆಳ್ವಿಕೆಯಲ್ಲಿ. 1932ರಲ್ಲಿ ನಿಜಾಮ್ ರಾಜ್ಯದ ರೈಲ್ವೆಯು 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಸ್ವಂತ ಕಾರು ಮಾತ್ರ ಬಹುಕಾಲ ದೂರದ ಮಾತಾಗಿತ್ತು. ಸ್ವಾತಂತ್ರ್ಯಾನಂತರದ ಪರವಾನಗಿಯ ದಿನಗಳಲ್ಲಿ ಕಲಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಅಂಬಾಸಿಡರ್, ಮುಂಬಯಿಯ ಕುರ್ಲಾದಲ್ಲಿ ಫಿಯಟ್ ತಯಾರಾಗುತ್ತಿದ್ದವು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಕೊಂಡ ಕಾರನ್ನು ಇಪ್ಪತ್ತು ವರ್ಷವಾದರೂ ಯಾರೂ ಬಿಡುತ್ತಿರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆಯೇ ಈ ಸ್ಥಿತಿ ಬದಲಾಯಿತು.

ಇನ್ನು ನಮ್ಮ ರಸ್ತೆಗಳು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆಯಲೆಯಾಗುತ್ತದೆ. ಮೇಲಾಗಿ 40 ಡಿಗ್ರಿ ಮೀರುವ ಬಿಸಿಲು. ಬಿಸಿಲಿನಲ್ಲಿ ನಿಂತ ಕಾರಿನ ಪ್ಲಾಸ್ಟಿಕ್ ಹಿಗ್ಗಿ ಕುಗ್ಗಿ, ಅದರ ಕ್ಲಿಪ್ಪುಗಳು ಪೆಡಸಾಗಿ ಮುರಿಯುತ್ತವೆ. ಹೀಗಾಗಿ ನಮ್ಮ ಕಡೆಯ ಹಳೆಯ ಕಾರು ಸಪ್ಪಳ ಮಾಡದಿದ್ದರೇ ಆಶ್ಚರ್ಯ.

ನಾನು ದೇವದುರ್ಗದ ಶಾಲೆಯಲ್ಲಿದ್ದಾಗ, 1992ರಲ್ಲಿ, ಹದಿನಾಲ್ಕು ವರ್ಷ ಹಳೆಯ ಫಿಯಟ್ ಒಂದನ್ನು ಕೊಂಡೆ. ಮನೆ ರಾಯಚೂರಿನಲ್ಲಿತ್ತು. ವಾರಕ್ಕೊಮ್ಮೆ ಹೋಗಿಬರುವಾಗ ಡ್ಯಾಶ್‌ಬೋರ್ಡಿನಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಸದ್ದು ಬಂದಲ್ಲೆಲ್ಲ ಹಳೆಯ ಧೋತರದ ಚೂರುಗಳನ್ನು ತುರುಕಿದೆ. ಎರಡು ದಿನ ಮೌನ, ಮೂರನೆಯ ದಿನ ಮತ್ತೆ ಸದ್ದು.

ಕೊನೆಗೆ ರಾಯಚೂರಿನ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ತರಗತಿಯಲ್ಲಿ ಸದಾ ಬೆಂಚು ಬಡಿಯುತ್ತಿದ್ದನೆಂದು ನಾನು ಎಷ್ಟೋ ದಿನ ಹೊರಗೆ ನಿಲ್ಲಿಸಿದ್ದ ಹುಡುಗ. ಅವನು ನನ್ನನ್ನೇ ಕಾರು ಓಡಿಸಲು ಹೇಳಿ ಪಕ್ಕದಲ್ಲಿ ಕುಳಿತು ಕಣ್ಣು ಮುಚ್ಚಿದ. ಗೇರನ್ನು ನ್ಯೂಟ್ರಲ್ ಮಾಡಿಸಿದ. ಇಂಜಿನ್ನಿನ ವೇಗ ಇಳಿದರೂ ಟಿಕ್ ಟಿಕ್ ಮಾತ್ರ ಗಾಲಿಯ ವೇಗವನ್ನೇ ಅನುಸರಿಸುತ್ತಿತ್ತು. ವೇಗಮಾಪಕದ ಮುಳ್ಳೂ ನಡುಗುತ್ತಿತ್ತು.

“ಸರ್, ಸಪ್ಪಳ ಎಲ್ಲಿ ಕೇಳಸ್ತದ ಅಲ್ಲೇ ಹುಟ್ಟತದಂತ ಅಂದ್ಕೋಬ್ಯಾಡ್ರಿ” ಎಂದ. ಗೇರುಪೆಟ್ಟಿಗೆಯಿಂದ ವೇಗಮಾಪಕಕ್ಕೆ ಬರುವ ಕೇಬಲ್ ಒಣಗಿ, ತಿರುಗುವಾಗ ತನ್ನ ಕವಚಕ್ಕೆ ಬಡಿಯುತ್ತಿತ್ತು. ಅದನ್ನು ಎಳೆದು, ಒರೆಸಿ, ಗ್ರೀಸು ಸವರಿದ. ಆಮೇಲೆ ಬ್ಯಾಟರಿಯ ತಂತಿ ಬಿಚ್ಚಿ, ನಾನು ತುರುಕಿದ್ದ ಚೂರುಗಳನ್ನು ಒಂದೊಂದಾಗಿ ಹೊರತೆಗೆದ. ಒಂದು ಚೂರು ಕರಿಬಿದ್ದಿತ್ತು. ಅದು ಒತ್ತಿಕೊಂಡಿದ್ದ ತಂತಿಯ ಹೊದಿಕೆ ತಗಡಿಗೆ ತಿಕ್ಕಿ ಹರಿದಿತ್ತು. ಹಿಂದಿನ ಭಾನುವಾರವಷ್ಟೇ ಆ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆ ಚೂರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡಲಾಗಲಿಲ್ಲ.

ಅವನು ಅಂದು ಕಲಿಸಿದ್ದನ್ನು, ಮುಂದೆ ತಿಳಿದುಕೊಂಡದ್ದನ್ನೂ ಸೇರಿಸಿ, ತಮ್ಮನ ಮಗನಿಗೆ ಹೇಳಿದೆ. ಮೊದಲು ಮುಂದಿನ ಖಾನೆಯನ್ನು ಖಾಲಿ ಮಾಡಬೇಕು. ಎಷ್ಟೋ ಸಲ ಅಲ್ಲಿನ ನಾಣ್ಯ, ಪೆನ್ನುಗಳೇ ಅಪರಾಧಿಗಳು. ಇನ್ನೊಬ್ಬರು ಓಡಿಸುವಾಗ ಒಂದೊಂದು ಭಾಗವನ್ನೇ ಒತ್ತಿ ನೋಡಬೇಕು. ಮುಂಜಾನೆಯ ತಂಪಿನಲ್ಲಿಯೂ ಮಧ್ಯಾಹ್ನದ ಬಿಸಿಲಿನಲ್ಲಿಯೂ ಆಲಿಸಬೇಕು. ಎರಡು ಭಾಗಗಳು ತಾಗುವ ಜಾಗ ಸಿಕ್ಕರೆ ಅಲ್ಲಿ ಮಾತ್ರ ಫೆಲ್ಟಿನ ಪಟ್ಟಿ ಅಥವಾ ಸೈಕಲ್ ಟ್ಯೂಬಿನ ತುಂಡು ಸಾಕು. ಪ್ಲಾಸ್ಟಿಕ್‌ನಲ್ಲಿ ಸ್ಕ್ರೂವನ್ನು ಅತಿಯಾಗಿ ಬಿಗಿದರೆ ಬಿರುಕು ಬಿಡುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಆ ಭಾಗವನ್ನು ಬಲ್ಲವರೇ ಮುಟ್ಟಬೇಕು. ತಂತಿಗಳ ನಡುವೆ ಅರಿವಿ ತುರುಕಲೇಬಾರದು.

ಅಂದು ಗ್ಯಾರೇಜಿನಲ್ಲಿ ನಾನು ಅವನನ್ನು ಕೇಳಿದ್ದೆ, ಶಾಲೆಯಲ್ಲಿ ಬೆಂಚು ಏಕೆ ಬಡಿಯುತ್ತಿದ್ದೆ ಎಂದು. ಅವನು ನಕ್ಕ. “ಹಿಂದಿನ ಬೆಂಚಿಗೆ ಬೋರ್ಡು ಕಾಣ್ತಿರಲಿಲ್ರಿ ಸರ್. ಕೇಳಾಕ ಹೆದರಿಕಿ.” ನಾಲ್ಕು ವರ್ಷ ಅವನಿಗೆ ಪಾಠ ಮಾಡಿದ್ದೆ. ಒಮ್ಮೆಯೂ ಕೇಳಿರಲಿಲ್ಲ.

ತಮ್ಮನ ಮಗ ಈ ಭಾನುವಾರ ಕಾರು ತರುತ್ತೇನೆಂದಿದ್ದಾನೆ. ಮೊದಲು ಆ ಅರಿವಿಗಳನ್ನೆಲ್ಲ ಹೊರತೆಗೆಯಬೇಕು.