ದುಃಖದ ಮನೆಯ ಅರುಚಿ

ಮನಸ್ಸಿನ ನೋವಿನಿಂದ ಊಟದ ರುಚಿ ಹೋಗುವುದನ್ನು ಆಯುರ್ವೇದ ಬಹಳ ಹಿಂದೆಯೇ ರೋಗವೆಂದು ಗುರುತಿಸಿತ್ತು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 26ನೇ ಅಧ್ಯಾಯ ಅರೋಚಕಕ್ಕೆ, ಅಂದರೆ ಈ ಅರುಚಿಗೆ, ವಾತ, ಪಿತ್ತ, ಕಫಗಳ ಜೊತೆಗೆ ಶೋಕ, ಭಯ, ಅತಿಲೋಭ, ಕ್ರೋಧಗಳನ್ನೂ ಕಾರಣವಾಗಿ ಹೇಳುತ್ತದೆ. ದೋಷ ಕೆರಳಿದಾಗ ಬಾಯಿ ಒಗರೋ ಕಹಿಯೋ ಆಗುತ್ತದೆ. ಶೋಕದಲ್ಲಿ ಬಾಯಿ ಎಂದಿನಂತೆಯೇ ಇರುತ್ತದೆ, ಅನ್ನ ಮಾತ್ರ ಸೇರುವುದಿಲ್ಲ. ಇಷ್ಟು ಸೂಕ್ಷ್ಮವಾದ ವಿವೇಚನೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಚಿಕಿತ್ಸೆಯಲ್ಲಿ ಬಾಯಿ ಮುಕ್ಕಳಿಸುವ ಔಷಧಗಳೊಂದಿಗೆ ಮನಸ್ಸಿಗೊಪ್ಪುವ ಊಟ, ಹರ್ಷ, ಸಾಂತ್ವನಗಳೂ ಸೇರಿವೆ.

ಈ ಸಾಂತ್ವನದ ಭಾಗವನ್ನು ಬೆಳಗಾವಿಯ ಜನ ಪುಸ್ತಕದ ನೆರವಿಲ್ಲದೆ ಉಳಿಸಿಕೊಂಡು ಬಂದಿದ್ದಾರೆ. ಸದಾಶಿವನಗರದ ಸ್ಮಶಾನದಿಂದ ಮರಳಿದ ಸಂಪ್ರದಾಯಸ್ಥರ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ಓಣಿಯವರು, ಬೀಗರು ರೊಟ್ಟಿ, ಪಲ್ಯ, ಅನ್ನ, ಸಾರು ತರುತ್ತಾರೆ. ಒಲ್ಲೆನೆಂದವರ ಪಕ್ಕದಲ್ಲೇ ಕುಳಿತು, “ಎರಡು ತುತ್ತರ ಉಣ್ಣವಾ” ಎಂದು ಬಲವಂತ ಮಾಡಿ ಉಣಿಸುತ್ತಾರೆ. ಹಸಿವಿಲ್ಲದವರನ್ನು ಒಂಟಿಯಾಗಿ ಬಿಡದಿರುವುದೇ ಈ ರೂಢಿಯ ದೊಡ್ಡ ಗುಣ.

ಯುರೋಪಿನಲ್ಲಿ ಈ ಅರುಚಿಗೆ ಹತ್ತಿರದ, ಸುಖಾನುಭವದ ಶಕ್ತಿ ಕುಂದುವ ಸ್ಥಿತಿಗೆ ಫ್ರಾನ್ಸಿನ ಮನೋವಿಜ್ಞಾನಿ ರಿಬೊ 1896ರಲ್ಲಿ ‘ಅನ್‌ಹೆಡೋನಿಯಾ’ ಎಂಬ ಹೆಸರಿಟ್ಟ. 2006ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರ ಮೇಲೆ ಪ್ರಯೋಗ ನಡೆಸಿದರು. ಮನಸ್ಥಿತಿಗೆ ಸಂಬಂಧಿಸಿದ ಸೆರಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುವ ಔಷಧ ಕೊಟ್ಟಾಗ ಅವರಿಗೆ ಇನ್ನೂ ಕಡಿಮೆ ಪ್ರಮಾಣದ ಸಿಹಿ, ಕಹಿ ಗೊತ್ತಾಗತೊಡಗಿತು. ಆತಂಕ ಹೆಚ್ಚಿದ್ದವರಿಗೆ ಕಡಿಮೆ ಪ್ರಮಾಣದ ಕಹಿ ಮತ್ತು ಉಪ್ಪು ಸುಲಭವಾಗಿ ತಿಳಿಯುತ್ತಿರಲಿಲ್ಲ. ವಾರಗಟ್ಟಲೆ ರುಚಿ ಮರಳದಿದ್ದರೆ ಅದನ್ನು ಬರೀ ದುಃಖವೆಂದು ಬಿಡದೆ ವೈದ್ಯರನ್ನು ಕಾಣಬೇಕು.