ಭಾರತ ಭೂಫಲಕ

ಭೂಮಿಯ ಗಟ್ಟಿ ಹೊರಪದರವಾದ ಶಿಲಾಗೋಳ ಒಡೆದು ಆಗಿರುವ ಭಾರಿ ತುಂಡುಗಳಲ್ಲಿ ಒಂದು. ಭಾರತ ಉಪಖಂಡದ ಬಹುಭಾಗ, ಶ್ರೀಲಂಕಾ, ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳ ತಳದ ಹೆಚ್ಚಿನ ಪಾಲು ಇದರ ಮೇಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಕೇಂದ್ರದ ಅಳತೆಯಂತೆ ಈ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ.

ಭೂಫಲಕ ಎಂದರೆ ಭೂಚಿಪ್ಪು ಮಾತ್ರವಲ್ಲ. ಚಿಪ್ಪಿನ ದಪ್ಪ ಖಂಡಗಳಡಿ ಸರಾಸರಿ 35 ಕಿಲೋಮೀಟರ್, ಸಾಗರದಡಿ ಸುಮಾರು 7. ಅದೂ ಅದಕ್ಕಂಟಿದ ಮ್ಯಾಂಟಲ್‌ನ ಮೇಲ್ಭಾಗವೂ ಕೂಡಿ, ಸುಮಾರು 100 ಕಿಲೋಮೀಟರ್ ದಪ್ಪದ ಒಂದೇ ಹಲಗೆಯಂತೆ ಚಲಿಸುತ್ತವೆ. ಫಲಕಗಳು ಕರಗಿದ ಲಾವಾದ ಮೇಲೆ ತೇಲುತ್ತವೆ ಎಂಬ ಮಾತು ಎಲ್ಲೆಡೆ ಕೇಳಿಬಂದರೂ ಸರಿಯಲ್ಲ. ಕೆಳಗಿನ ಮ್ಯಾಂಟಲ್ ಬಹುಮಟ್ಟಿಗೆ ಘನಶಿಲೆಯೇ. ವಿಪರೀತ ಕಾವಿನಲ್ಲಿ ಅತಿ ನಿಧಾನವಾಗಿ ಹರಿಯುತ್ತದೆ, ಅಷ್ಟೆ. ಫಲಕವನ್ನು ಮುಖ್ಯವಾಗಿ ಎಳೆಯುವುದು ಅದರದೇ ತೂಕ. ತಣ್ಣಗಾಗಿ ಭಾರವಾದ ಸಾಗರತಳದ ಅಂಚು ಪಕ್ಕದ ಫಲಕದಡಿ ಮುಳುಗುವಾಗ ಹಿಂದಿನದನ್ನೂ ಸೆಳೆದೊಯ್ಯುತ್ತದೆ. ಸಾಗರಮಧ್ಯದ ಏಣುಗಳ ಬಿರುಕಿನಲ್ಲಿ ಹೊಸ ತಳ ಹುಟ್ಟುತ್ತದೆ. ಆದ್ದರಿಂದಲೇ ಮಹಾಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಶಿಲೆ ತೀರ ಅಪರೂಪ. ಹಗುರವಾದ ಖಂಡವಾದರೋ ಮುಳುಗದೆ ಉಳಿಯುತ್ತದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ.

ದಕ್ಷಿಣ ಅಮೆರಿಕ, ಆಫ್ರಿಕ, ಮಡಗಾಸ್ಕರ್, ಆಸ್ಟ್ರೇಲಿಯ, ಅಂಟಾರ್ಕ್ಟಿಕಗಳೊಡನೆ ಭಾರತವೂ ಗೊಂಡ್ವಾನ ಮಹಾಖಂಡದಲ್ಲಿ ಸೇರಿತ್ತು. ಖಂಡಗಳು ಅಲೆಯುತ್ತವೆ ಎಂದು ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲೇ ಹೇಳಿದರೂ, ಅವನ್ನು ನಡೆಸುವ ಬಲ ಯಾವುದೆಂದು ಅವರಿಗೆ ತೋರಿಸಲಾಗಲಿಲ್ಲ. 1960ರ ದಶಕದಲ್ಲಿ ಸಾಗರತಳದ ಕಾಂತೀಯ ಪಟ್ಟೆಗಳನ್ನು ಓದಿದ ಮೇಲೆ ವಿಜ್ಞಾನಲೋಕ ಒಪ್ಪಿತು.

ಮಡಗಾಸ್ಕರಿನಿಂದ ಅಗಲಿದ ಗುರುತು ನಮ್ಮ ಕರಾವಳಿಯಲ್ಲೇ ಇದೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ, ಐದಾರು ಮೂಲೆಗಳ ಕಲ್ಲುಕಂಬಗಳು ಉಳಿಯಿಂದ ಕಡೆದು ಜೋಡಿಸಿದಂತೆ ಒತ್ತೊತ್ತಾಗಿ ನಿಂತಿವೆ. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿಯುವ ಹಾಗೆ, ಲಾವಾ ಆರುತ್ತ ಕುಗ್ಗಿ ಬಿರಿದು ಆದ ಕಂಬಗಳಿವು. ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರಿನಲ್ಲೂ ಅದೇ ಕಾಲದ ಜ್ವಾಲಾಮುಖಿ ಶಿಲೆಗಳಿವೆ.

ಆಮೇಲೆ ಭಾರತ ಉತ್ತರಕ್ಕೆ ಧಾವಿಸಿತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಲಾವಾ ಉಕ್ಕಿದ ಆಸುಪಾಸಿನಲ್ಲಿ ಅದರ ವೇಗ ವರ್ಷಕ್ಕೆ 15 ಸೆಂಟಿಮೀಟರನ್ನೂ ದಾಟಿತ್ತು. ಖಂಡ ಹೊತ್ತ ಫಲಕಕ್ಕೆ ಇದು ಅಸಾಧಾರಣ ವೇಗ. ಕಾರಣದ ಬಗ್ಗೆ ಭೂವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ನಡುವಿನ ಟೆಥಿಸ್ ಸಾಗರ ಏಷ್ಯದಡಿ ಮುಳುಗಿ ತೀರಿ, ಸುಮಾರು 5 ಕೋಟಿ ವರ್ಷಗಳ ಹಿಂದೆ ನೆಲಕ್ಕೆ ನೆಲ ತಾಗಿತು. ಚಿಪ್ಪು ಮಡಿಕೆ ಬಿದ್ದು, ಪದರದ ಮೇಲೆ ಪದರ ಏರಿ ಹಿಮಾಲಯವಾಯಿತು. ಟಿಬೆಟ್ಟಿನಡಿ ಅದು ಸುಮಾರು 70 ಕಿಲೋಮೀಟರ್ ದಪ್ಪಗಟ್ಟಿತು.

ಟೆಥಿಸ್ ತಳದ ಕೆಸರೂ ಕಲ್ಲಾಗಿ ಮೇಲೆದ್ದಿತು. ಕನ್ನಡನಾಡಿನ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಅದರದೇ ಚೂರು. ನೇಪಾಳದ ಗಂಡಕಿ ನದಿ ಉರುಳಿಸಿ ನುಣುಪಾಗಿಸಿದ ಈ ಕರಿಗಲ್ಲಿನ ಬಾಯೊಳಗೆ ಇಣುಕಿದರೆ ಗೀರುಗೀರಾದ ಸುರುಳಿ ಕಾಣುತ್ತದೆ. ಭಕ್ತರಿಗೆ ಅದು ವಿಷ್ಣುಚಕ್ರ. ಜುರಾಸಿಕ್ ಕಾಲದ ಕಡಲಲ್ಲಿ ಬಾಳಿದ ಅಮ್ಮೊನೈಟ್ ಎಂಬ ಜೀವಿಯ ಚಿಪ್ಪಿನ ಅಚ್ಚೂ ಹೌದು. ಎವರೆಸ್ಟ್ ತುದಿಯ ಸುಣ್ಣಕಲ್ಲು ಇನ್ನೂ ಹಳೆಯ ಕಡಲತಳ.

ಡಿಕ್ಕಿ ನಿಂತಿಲ್ಲ. ಹಿಮಾಲಯದಡಿಯ ಸ್ತರಭಂಗದಲ್ಲಿ ಒತ್ತಡ ಕೂಡುತ್ತ ಬಂದು, ಬಿಗಿ ಕಳಚಿದಾಗ ಭೂಕಂಪವಾಗುತ್ತದೆ: 1950ರಲ್ಲಿ ಅಸ್ಸಾಂ ಗಡಿಯಲ್ಲಿ 8.6 ಪ್ರಮಾಣದ್ದು, 2015ರಲ್ಲಿ ನೇಪಾಳದಲ್ಲಿ 7.8. ಪೂರ್ವದಂಚಿನಲ್ಲಿ 2004ರ ಡಿಸೆಂಬರ್ 26ರಂದು ಸುಮಾತ್ರದಿಂದ ಅಂಡಮಾನಿನವರೆಗೆ ಸುಮಾರು 1,300 ಕಿಲೋಮೀಟರ್ ಉದ್ದಕ್ಕೆ ಸೀಳು ಜಾರಿ ಸುನಾಮಿ ಎದ್ದಿತು. ಅಂಚಿನಿಂದ ದೂರದ ನೆಲವೂ ನಿರ್ಭಯವಲ್ಲ. ಗಟ್ಟಿನೆಲವೆಂದು ನಂಬಿದ್ದ ದಖನ್ನಿನಲ್ಲಿ, ಕರ್ನಾಟಕದ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ 6.2 ಪ್ರಮಾಣದ ಕಂಪನವಾಯಿತು. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಕುಸಿದು ಸುಮಾರು 10,000 ಜನ ಸತ್ತರು.

ಭಾರತ, ಆಸ್ಟ್ರೇಲಿಯಗಳನ್ನು ಹಿಂದೆ ಒಂದೇ ಫಲಕವೆಂದು ಎಣಿಸುತ್ತಿದ್ದರು. ಅವೆರಡರ ನಡುವಿನ ಸಾಗರತಳ ಈಗ ಮಡಿಕೆ ಬೀಳುತ್ತ, ಬಿರುಕು ಬಿಡುತ್ತ ಇದೆ. 2012ರ ಏಪ್ರಿಲ್ 11ರಂದು ಸುಮಾತ್ರದ ಪಶ್ಚಿಮಕ್ಕೆ ಆದ 8.6 ಪ್ರಮಾಣದ ಕಂಪನ ಈ ಒಡಕಿನದೇ. ಒಂದೇ ಗೆರೆಯಾಗಿ ತೋರಿಸಬಹುದಾದ ಗಡಿ ಅಲ್ಲಿ ಇನ್ನೂ ಮೂಡಿಲ್ಲ.