ಹಬ್ಬದ ಹೆಸರಿನಲ್ಲಿರುವ ನೊಗ

ಯುಗ (ನಾಮಪದ): ನೊಗ, ಜೋಡಿ, ದೀರ್ಘ ಕಾಲಘಟ್ಟ.

ಯುಗಾದಿಯಂದು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸೀಮೆಯಲ್ಲಿ ಹೊನ್ನಾರು ಕಟ್ಟುತ್ತಾರೆ. ಎತ್ತುಗಳ ಮೈ ತೊಳೆದು, ನೊಗಕ್ಕೆ ಅರಿಸಿನ ಕುಂಕುಮವಿಟ್ಟು, ಹೊಲದಲ್ಲಿ ವರ್ಷದ ಮೊದಲ ಸಾಲು ಹೊಡೆಯುತ್ತಾರೆ. ಆ ನೊಗ ಹಬ್ಬದ ಹೆಸರಿನಲ್ಲೂ ಇದೆ.

ಸಂಸ್ಕೃತದ ‘ಯುಜ್’ ಎಂದರೆ ಹೂಡು, ಕೂಡಿಸು. ಋಗ್ವೇದದಲ್ಲಿ ‘ಯುಗ’ಕ್ಕೆ ನೊಗವೆಂಬ ಅರ್ಥವಿದೆ, ತಲೆಮಾರು ಎಂಬ ಅರ್ಥವೂ ಅಲ್ಲೇ ಇದೆ. ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಎಣಿಕೆ ಆಮೇಲಿನದು. ‘ಕಂಪ್ಯೂಟರ್ ಯುಗ’ ನಿನ್ನೆ ಮೊನ್ನೆಯದು.

ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳಿಗೆ ಒಂದೇ ಮೂಲವಿರಬೇಕೆಂದು ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ನೊಗಕ್ಕೆ ಲ್ಯಾಟಿನ್‌ನಲ್ಲಿ ‘ಯುಗುಮ್’, ಗ್ರೀಕ್‌ನಲ್ಲಿ ‘ಜುಗೋನ್’, ಹಿಟ್ಟೈಟ್‌ನಲ್ಲಿ ‘ಯುಗನ್’, ಇಂಗ್ಲಿಷಿನಲ್ಲಿ ‘ಯೋಕ್’. ಮೂಲದ ಗಕಾರ ಇಂಗ್ಲಿಷಿನ ಬಳಗದಲ್ಲಿ ಕಕಾರವಾಗುವುದು ನಿಯಮ. ಇಂಥ ಹೊಂದಿಕೆಗಳನ್ನು ಜೋಡಿಸಿ ವಿದ್ವಾಂಸರು ಮೂಲರೂಪವನ್ನು ‘ಯುಗೋಮ್’ ಎಂದು ಕಟ್ಟಿದ್ದಾರೆ. ಯಾವ ಬರಹದಲ್ಲೂ ಸಿಗದ, ಊಹಿಸಿ ಕಟ್ಟಿದ ರೂಪವಾದ್ದರಿಂದ ಅದರ ಮೊದಲಿಗೆ ನಕ್ಷತ್ರ ಚಿಹ್ನೆ ಹಾಕುವುದು ರೂಢಿ.

ಯೋಗ, ಉದ್ಯೋಗ, ಸಂಯೋಗ, ಯುಗಳ ಇವೆಲ್ಲ ಇದೇ ಬೇರಿನವು. ಹಳ್ಳಿಯ ಬಾಯಲ್ಲಿ ಯುಗಾದಿ ‘ಉಗಾದಿ’ಯಾಗಿದೆ, ಅದು ತಪ್ಪಲ್ಲ, ತದ್ಭವ.

ಕನ್ನಡದ ‘ನೊಗ’ ಇದೇ ಬೇರಿನದೋ, ಬೇರೆ ಮನೆಯದೋ ಎಂಬುದು ಖಚಿತವಲ್ಲ. ತಮಿಳು, ಮಲಯಾಳಗಳ ‘ನುಗಂ’ ಅದರ ಒಡಹುಟ್ಟು. ದನಿ ಹತ್ತಿರವಿದ್ದ ಮಾತ್ರಕ್ಕೆ ನಂಟು ಕಟ್ಟಬಾರದು. ಆದರೂ ಹೊನ್ನಾರಿನ ದಿನ ಈ ಎರಡು ಪದಗಳು ಜೋಡೆತ್ತುಗಳಂತೆ ಒಟ್ಟಿಗೆ ನಡೆಯುತ್ತವೆ.